ಕಂಪೆನಿಯ ಹಣ, ಒಡೆಯನ ವಾರ್ಧಕ್ಯ



ಬ್ರಿಟನ್ನಿನಲ್ಲಿ ಸ್ವಂತ ಲಿಮಿಟೆಡ್ ಕಂಪೆನಿಗಳ ಮೂಲಕ ಗುತ್ತಿಗೆಯ ಉದ್ಯೋಗವನ್ನು ಅವಲಂಬಿಸಿರುವ ಕನ್ನಡಿಗರ ಈ ಸಮ್ಮೇಳನಕ್ಕೆ ನನ್ನನ್ನು ಅಧ್ಯಕ್ಷನನ್ನಾಗಿ ಆರಿಸಿದ ನಿಮ್ಮ ವಿಶ್ವಾಸಕ್ಕೆ ಋಣಿಯಾಗಿದ್ದೇನೆ. ಈ ಪೀಠದಿಂದ ನಾಡುನುಡಿಗಳ ಮಹಿಮೆಯನ್ನು ಕೊಂಡಾಡುವುದು ವಾಡಿಕೆಯಾದರೂ, ಸ್ವಾಗತ ಸಮಿತಿಯವರು ಆ ಕಾರ್ಯವನ್ನು ಸಾಂಗವಾಗಿ ನೆರವೇರಿಸಿರುವುದರಿಂದ, ನಾನು ನೇರವಾಗಿ ಹಣದ ಮಾತಿಗೆ ಇಳಿಯುತ್ತೇನೆ.

ಕಂಪೆನಿಯೂ ಅದರ ಒಡೆಯನೂ ಕಾನೂನಿನ ದೃಷ್ಟಿಯಲ್ಲಿ ಭಿನ್ನ ವ್ಯಕ್ತಿಗಳೆಂದು ಹೌಸ್ ಆಫ್ ಲಾರ್ಡ್ಸ್ ಸಭೆಯು 1897ರಲ್ಲಿ ಸಾಲೊಮನ್ ಎಂಬ ಬೂಟು ತಯಾರಕನ ಮೊಕದ್ದಮೆಯಲ್ಲಿ ನೀಡಿದ ತೀರ್ಪೇ ನಮ್ಮ ಸಕಲ ಲೆಕ್ಕಾಚಾರಗಳಿಗೂ ಮೂಲಾಧಾರ. ಕಂಪೆನಿಯ ಖಾತೆಯಲ್ಲಿರುವ ದ್ರವ್ಯ ನಮ್ಮದಲ್ಲ. ಅದು ಸಂಬಳವಾಗಿಯೋ, ಲಾಭಾಂಶವಾಗಿಯೋ, ಪಿಂಚಣಿಯ ನಿಧಿಯಾಗಿಯೋ ನಮಗೆ ಸಲ್ಲಬೇಕಾಗಿದೆ.

2025ರ ಏಪ್ರಿಲಿನಲ್ಲಿ ಉದ್ಯೋಗದಾತನು ತೆರುವ ನ್ಯಾಷನಲ್ ಇನ್ಶೂರೆನ್ಸಿನ ದರ ಶೇಕಡಾ 13.8ರಿಂದ 15ಕ್ಕೆ ಏರಿ, ಅದು ಆರಂಭವಾಗುವ ಮಿತಿ 9,100 ಪೌಂಡಿನಿಂದ 5,000ಕ್ಕೆ ಇಳಿದಾಗ, ಸಂಬಳವನ್ನೂ 5,000ಕ್ಕೇ ಮೊಟಕುಗೊಳಿಸುವುದು ಜಾಣತನವೆಂದು ನಮ್ಮಲ್ಲಿ ಹಲವರು ಬಗೆದರು. ಒಬ್ಬನೇ ನಿರ್ದೇಶಕನಿದ್ದು ಬೇರೆ ನೌಕರರಿಲ್ಲದ ಕಂಪೆನಿಗೆ ಸರ್ಕಾರದ ಎಂಪ್ಲಾಯ್‌ಮೆಂಟ್ ಅಲೋವೆನ್ಸ್ ಎಂಬ ಇನ್ಶೂರೆನ್ಸ್ ರಿಯಾಯಿತಿ ದೊರೆಯದೆಂಬುದು ನಿಜವೇ. ಆದರೂ ಆದಾಯ ತೆರಿಗೆ ತಗಲದ 12,570 ಪೌಂಡಿನವರೆಗೆ ಸಂಬಳವನ್ನು ಏರಿಸಿದರೆ ಹೆಚ್ಚಾಗಿ ತೆರಬೇಕಾದ ಇನ್ಶೂರೆನ್ಸು ಸುಮಾರು 1,135 ಪೌಂಡು. ಆ ಸಂಬಳವೂ ಆ ಇನ್ಶೂರೆನ್ಸೂ ವೆಚ್ಚವೆಂದು ಪರಿಗಣಿತವಾಗುವುದರಿಂದ ಶೇಕಡಾ 19ರ ಕಾರ್ಪೊರೇಷನ್ ತೆರಿಗೆಯಲ್ಲಿ ಉಳಿಯುವುದು ಸುಮಾರು 1,654. ಅದಲ್ಲದೆ 5,000 ಪೌಂಡಿನ ಸಂಬಳ ಪಡೆದವನಿಗೆ ಸರ್ಕಾರಿ ಪಿಂಚಣಿಯ ಲೆಕ್ಕಕ್ಕೆ ಆ ವರ್ಷವೇ ಸೇರದು. 2025-26ರಲ್ಲಿ ಅದಕ್ಕೆ 6,500 ಪೌಂಡಾದರೂ ಬೇಕು.

ಲಾಭಾಂಶದ ವೈಭವ ಅಸ್ತಂಗತವಾಯಿತೆಂದೇ ನನ್ನ ಅಭಿಪ್ರಾಯ. 2016ರಲ್ಲಿ 5,000 ಪೌಂಡಿನಷ್ಟಿದ್ದ ವಿನಾಯಿತಿ ಈಗ 500. 2025ರ ನವೆಂಬರಿನ ಆಯವ್ಯಯ ಘೋಷಣೆಯಂತೆ 2026ರ ಏಪ್ರಿಲಿನಿಂದ ಕೆಳಗಿನ ದರ ಶೇಕಡಾ 10.75, ಅದರ ಮೇಲಿನದು 35.75.

ಹೀಗಿರಲಾಗಿ, ಕಂಪೆನಿಯೇ ಉದ್ಯೋಗದಾತನ ಸ್ಥಾನದಲ್ಲಿ ನಿಂತು ನಿರ್ದೇಶಕನ ಪಿಂಚಣಿ ನಿಧಿಗೆ ನೇರವಾಗಿ ಸಲ್ಲಿಸುವ ವಂತಿಗೆಯೇ ಉಳಿದ ಮಾರ್ಗಗಳಲ್ಲಿ ಪ್ರಶಸ್ತವಾದುದು. ನಾವು ವೈಯಕ್ತಿಕವಾಗಿ ಕಟ್ಟುವ ವಂತಿಗೆಗೆ ತೆರಿಗೆಯ ರಿಯಾಯಿತಿ ಸಂಬಳದ ಗಾತ್ರವನ್ನು ಅನುಸರಿಸುತ್ತದೆಯೇ ಹೊರತು ಲಾಭಾಂಶ ಅದಕ್ಕೆ ಗಣನೆಗೆ ಬರುವುದಿಲ್ಲ. ಕಂಪೆನಿಯ ವಂತಿಗೆಗೆ ಈ ಕಟ್ಟಿಲ್ಲ. 50,000 ಪೌಂಡನ್ನು ದಾಟಿದ ಲಾಭದಿಂದ 10,000 ಪೌಂಡನ್ನು ಲಾಭಾಂಶವಾಗಿ ತೆಗೆದರೆ, ಅಲ್ಲಿ ಬೀಳುವ ಶೇಕಡಾ 26.5ರ ಕಾರ್ಪೊರೇಷನ್ ತೆರಿಗೆಯೂ ಮೇಲಿನ ದರದ ಲಾಭಾಂಶ ತೆರಿಗೆಯೂ ಕಳೆದು ಕೈಗೆ ಬರುವುದು 4,722 ಪೌಂಡು ಮಾತ್ರ. ಪಿಂಚಣಿಗೆ ಕಳುಹಿಸಿದರೆ ಹತ್ತು ಸಾವಿರವೂ ಇಡಿಯಾಗಿ ಸೇರುತ್ತದೆ. ಮುಂದೆ ಹಿಂತೆಗೆಯುವಾಗ ಕಾಲುಭಾಗ ಮುಕ್ತ, ಉಳಿದುದಕ್ಕೆ ಆದಾಯ ತೆರಿಗೆ. ಸಾಮಾನ್ಯವಾಗಿ ವರ್ಷಕ್ಕೆ 60,000 ಪೌಂಡಿನ ಮಿತಿಯುಂಟು. ಪಿಂಚಣಿ ಯೋಜನೆಯ ಸದಸ್ಯನಾಗಿದ್ದವನು ಹಿಂದಿನ ಮೂರು ವರ್ಷಗಳಲ್ಲಿ ಬಳಸದೆ ಬಿಟ್ಟುದನ್ನೂ ಸೇರಿಸಿಕೊಳ್ಳಬಹುದು.

ಆದರೆ ತೆರಿಗೆಯ ಉಳಿತಾಯವೊಂದೇ ಜೀವನದ ಪುರುಷಾರ್ಥವಲ್ಲ. 2028ರ ಏಪ್ರಿಲ್ 6ರಿಂದ ಈ ನಿಧಿಯನ್ನು ಮುಟ್ಟಲು 57 ವರ್ಷ ತುಂಬಬೇಕು. ಐವತ್ತಕ್ಕೆ ಮೈಸೂರಿಗೋ ಧಾರವಾಡಕ್ಕೋ ಮರಳಿ ಮನೆ ಕಟ್ಟುವ ಹಂಬಲವುಳ್ಳವನು ಸರ್ವಸ್ವವನ್ನೂ ಇದರಲ್ಲೇ ತುಂಬಿದರೆ ಅಡಿಪಾಯಕ್ಕೂ ಹಣವಿಲ್ಲದೆ ಏಳು ವರ್ಷ ಕಾಯಬೇಕಾದೀತು. ಸರ್ಕಾರಿ ಪಿಂಚಣಿಯನ್ನೇ ನೆಚ್ಚಿ ಕೂರುವಂತೆಯೂ ಇಲ್ಲ. ಅದು ಪೂರ್ಣವಾಗಿ ದೊರೆಯಲು ಸಾಮಾನ್ಯವಾಗಿ 35 ವರ್ಷಗಳ ದಾಖಲೆ ಬೇಕು, 10 ವರ್ಷಗಳೂ ಇಲ್ಲದವನಿಗೆ ಏನೂ ಇಲ್ಲ. ಭಾರತದಲ್ಲಿ ನೆಲೆಸಿದವರಿಗಂತೂ ಆ ಮೊತ್ತ ವರ್ಷವರ್ಷವೂ ಏರದೆ ಮೊದಲ ದಿನದ ಅಂಕಿಯಲ್ಲೇ ನಿಂತುಬಿಡುತ್ತದೆ. ದುಡಿಯುವಾಗ ಇಲ್ಲಿದ್ದವರಂತೆಯೇ ವಂತಿಗೆ ತೆತ್ತವನಿಗೆ ಮುಪ್ಪಿನಲ್ಲಿ ಊರಿಗೆ ಮರಳಿದ ಮಾತ್ರಕ್ಕೆ ಈ ಭೇದವನ್ನೆಸಗುವುದು ಅನ್ಯಾಯವೆಂದು ಹೇಳಲು ನಾನು ಸಂಕೋಚಪಡುವುದಿಲ್ಲ.

ಕಂಪೆನಿಯ ಮೂಲಕ ದುಡಿದರೂ ವಾಸ್ತವವಾಗಿ ನೌಕರನಂತಿರುವವನಿಗೆ ನೌಕರನ ತೆರಿಗೆಯನ್ನೇ ವಿಧಿಸುವ ಐ.ಆರ್. 35 ನಿಯಮದ ವಿಷಯ ನಿಮಗೆಲ್ಲ ತಿಳಿದದ್ದೇ. 1999ರ ಒಂದು ಪತ್ರಿಕಾ ಪ್ರಕಟಣೆಯ ಕ್ರಮಸಂಖ್ಯೆ ಇಷ್ಟು ಮಂದಿಯ ನಿದ್ರೆಗೆಡಿಸೀತೆಂದು ಅದನ್ನು ಬರೆದ ಗುಮಾಸ್ತನು ಊಹಿಸಿರಲಾರನು! ಆ ನಿಯಮದೊಳಕ್ಕೆ ಬಿದ್ದ ಗುತ್ತಿಗೆಗೆ ಮೇಲಿನ ಸಂಬಳ ಲಾಭಾಂಶಗಳ ಲೆಕ್ಕ ಅನ್ವಯಿಸುವುದಿಲ್ಲ.

ಕಂಪೆನಿಯು ಪಿಂಚಣಿಯ ವಂತಿಗೆಯನ್ನು ಯಾವ ಲೆಕ್ಕವರ್ಷದಲ್ಲಿ ನಿಜವಾಗಿ ಪಾವತಿ ಮಾಡುವುದೋ ಆ ವರ್ಷದ ಲಾಭದಲ್ಲಿಯೇ ಅದು ಕಳೆಯತಕ್ಕದ್ದಾದುದರಿಂದ, ಕೊನೆಯ ವಾರದವರೆಗೆ ಕಾಯಬೇಡಿರೆಂದು ಪ್ರಾರ್ಥಿಸುತ್ತೇನೆ. ಇಂದು ಮನೆಗೆ ಹೋದೊಡನೆ ನಿಮ್ಮ ನ್ಯಾಷನಲ್ ಇನ್ಶೂರೆನ್ಸಿನ ದಾಖಲೆಯನ್ನು ತೆರೆದು, ಯಾವ ವರ್ಷ ಬಿಟ್ಟುಹೋಗಿದೆಯೆಂದು ನೋಡಿಕೊಳ್ಳಿ; ನಿಮ್ಮ ಸಂಗಾತಿಯದನ್ನೂ ನೋಡಿ.