ಟ್ರಾನ್ಸ್‌ಫರ್: ಒಂದು ಪದದ ಪಾಠ

(ಶಾಲೆಯ ಸುವರ್ಣ ಮಹೋತ್ಸವದಲ್ಲಿ ನಿವೃತ್ತ ಇಂಗ್ಲಿಷ್ ಶಿಕ್ಷಕರೊಬ್ಬರು ಮಾಡಿದ ಭಾಷಣ)



ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ, ಈ ನಾಲ್ಕೂ ತಾಲ್ಲೂಕಿನ ನೀರು ಕುಡಿದವನು ನಾನು. ಕುಡಿಸಿದ್ದು ಒಂದು ಇಂಗ್ಲಿಷ್ ಪದ: ಟ್ರಾನ್ಸ್‌ಫರ್. ಇವತ್ತು ಅದೊಂದೇ ಪದದ ಪಾಠ ಮಾಡಿ ಕೂರುತ್ತೇನೆ.

ಲ್ಯಾಟಿನ್ ಭಾಷೆಯಲ್ಲಿ ‘ಟ್ರಾನ್ಸ್’ ಎಂದರೆ ಆಚೆಗೆ, ‘ಫೆರ್ರೆ’ ಎಂದರೆ ಹೊರುವುದು. ಆಚೆ ದಡಕ್ಕೆ ಹೊತ್ತು ಮುಟ್ಟಿಸುವುದೇ ಟ್ರಾನ್ಸ್‌ಫರ್. ರೆಫರ್, ಪ್ರಿಫರ್, ಆಫರ್ ಎಲ್ಲವೂ ಈ ‘ಫೆರ್ರೆ’ಯ ಮಕ್ಕಳೇ. ಸಫರ್ ಕೂಡ, ಭಾರದ ಕೆಳಗೆ ನಿಂತು ಹೊರುವುದು ಅದರ ಮೂಲಾರ್ಥ. ಟ್ರಾನ್ಸ್‌ಲೇಟ್ ಬಂದಿರುವುದೂ ಇದೇ ಧಾತುವಿನ ಇನ್ನೊಂದು ರೂಪದಿಂದ. ಅನುವಾದ ಮಾಡುವವನೂ ಅರ್ಥವನ್ನು ಒಂದು ಭಾಷೆಯಿಂದ ಇನ್ನೊಂದಕ್ಕೆ ಹೊತ್ತೊಯ್ಯುತ್ತಾನೆ.

ನಮ್ಮಲ್ಲಿ ನೌಕರನಿಗಾದರೆ ವರ್ಗಾವಣೆ, ಕಟ್ಟಡಕ್ಕಾದರೆ ಸ್ಥಳಾಂತರ, ಸರಕಿಗಾದರೆ ಸಾಗಣೆ. ಸಿಟ್ಟಿನಿಂದ ಕಳಿಸಿದರೆ ಎತ್ತಂಗಡಿ! ಆ ಕೊನೆಯ ಪದಕ್ಕೆ ಇಂಗ್ಲಿಷಿನಲ್ಲಿ ಸಾಟಿ ನನಗಿನ್ನೂ ಸಿಕ್ಕಿಲ್ಲ.

ಹೊತ್ತು ಮುಟ್ಟಿಸಿದ್ದಕ್ಕೆ ಉದಾಹರಣೆ ನಮ್ಮ ಸುತ್ತಲೇ ಇದೆ. ಕೃಷ್ಣರಾಜಸಾಗರದ ನೀರಿನಲ್ಲಿ ಹಳೆಯ ಕನ್ನಂಬಾಡಿ ಮುಳುಗಿತು. ಅಲ್ಲಿನ ಹೊಯ್ಸಳರ ಕಾಲದ ವೇಣುಗೋಪಾಲಸ್ವಾಮಿ ದೇವಾಲಯವನ್ನು ಎಷ್ಟೋ ವರ್ಷಗಳ ನಂತರ ಖೋಡೇ ಪ್ರತಿಷ್ಠಾನದವರು ಕಲ್ಲು ಕಲ್ಲಾಗಿ ಬಿಚ್ಚಿ, ಪಾಂಡವಪುರ ತಾಲ್ಲೂಕಿನ ಹೊಸ ಕನ್ನಂಬಾಡಿಯಲ್ಲಿ ಮತ್ತೆ ಜೋಡಿಸಿದರು. ಶ್ರೀರಂಗಪಟ್ಟಣದಲ್ಲಿ ಜೋಡಿ ರೈಲು ಹಳಿಗೆ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡವಾಯಿತು. 2017ರಲ್ಲಿ ಸುಮಾರು 1000 ಟನ್ನಿನ ಆ ಕಟ್ಟಡವನ್ನು ಬಿಚ್ಚದೆಯೇ, ಅಡಿಗೆ ಉಕ್ಕಿನ ತೊಲೆ ಕೊಟ್ಟು, ಜಾಕ್‌ನಿಂದ ಎತ್ತಿ, ನೂರು ಮೀಟರಿಗೂ ಆಚೆ ಇಟ್ಟರು.

ಬಳಕೆಯ ಮಾತು ಎರಡೇ. ಟ್ರಾನ್ಸ್‌ಫರ್ಡ್ ಎಂದು ಬರೆಯುವಾಗ ಮಧ್ಯದಲ್ಲಿ ‘ಆರ್’ ಎರಡು ಬಾರಿ ಬರಬೇಕು. ಎಲ್ಲಿಂದ ಎನ್ನುವ ‘ಫ್ರಮ್’ ಇದ್ದ ಮೇಲೆ ಎಲ್ಲಿಗೆ ಎನ್ನುವ ‘ಟು’ ಇರಬೇಕು.

ಈ ಎರಡನೆಯ ನಿಯಮ ನನಗೆ ಅರ್ಥವಾದದ್ದು ವ್ಯಾಕರಣ ಪುಸ್ತಕದಿಂದಲ್ಲ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳ ತಂದೆ ಬಂದು, ‘ಸಾ, ಟೀಸಿ ಕೊಟ್ಬುಡಿ’ ಎಂದರು. ಟಿ.ಸಿ. ಎಂದರೆ ಟ್ರಾನ್ಸ್‌ಫರ್ ಸರ್ಟಿಫಿಕೇಟ್. ಯಾವ ಶಾಲೆಗೆ ಎಂದು ನಾನು ಕೇಳಲಿಲ್ಲ. ನನ್ನ ಕೈಯಾರೆ ಬರೆದುಕೊಟ್ಟೆ. ವರ್ಷ ಕಳೆದ ಮೇಲೆ ಅವಳು ಕಬ್ಬಿನ ಗದ್ದೆಯಲ್ಲಿ ಕಂಡಳು. ‘ಟೀಸಿ ಟ್ರಂಕ್‌ನಲ್ಲೇ ಐತೆ ಸಾ’ ಎಂದು ನಕ್ಕಳು. ಅದು ಯಾವ ದಡಕ್ಕೂ ಮುಟ್ಟಿರಲಿಲ್ಲ.

ಸಾವಿರ ಟನ್ ಕಟ್ಟಡವನ್ನು ಒಂದು ಇಟ್ಟಿಗೆ ಬೀಳದಂತೆ ದಾಟಿಸಬಲ್ಲ ಕಾಲವಿದು. ಒಂದು ಮಗುವನ್ನು ಒಂಬತ್ತರಿಂದ ಹತ್ತಕ್ಕೆ ದಾಟಿಸಲು ನಮಗೇನು ಕಷ್ಟ? ಇನ್ನು ಮುಂದೆ ಯಾರಾದರೂ ಟಿ.ಸಿ. ಕೇಳಿದರೆ, ‘ಎಲ್ಲಿಗೆ?’ ಎಂದು ಕೇಳೋಣ. ಮೇಷ್ಟ್ರೂ ಕೇಳಲಿ, ಊರಿನವರೂ ಕೇಳಲಿ.