ಬ್ಯಾಟರಿ ಬದಲಿಸುವ ಮೊದಲು



ಮಾಘ ಮಾಸ ಬಂತೆಂದರೆ ಮುಡುಕುತೊರೆಯಲ್ಲಿ ಮಲ್ಲಿಕಾರ್ಜುನಸ್ವಾಮಿ ಜಾತ್ರೆ. ಸೋಮಗಿರಿ ಬೆಟ್ಟದ ಆಸುಪಾಸಿನಲ್ಲಿ ಎತ್ತ ನೋಡಿದರೂ ದನಗಳು. ಹಿಂದೆ ಹಳ್ಳಿಕಾರ್ ಜೋಡಿಗಳನ್ನು ದಿನಗಟ್ಟಲೆ ನಡೆಸಿಕೊಂಡು ಬರುತ್ತಿದ್ದರು. ಈಗ ಎತ್ತುಗಳೂ ಪಿಕಪ್ ಗಾಡಿ ಏರಿ ಬರುತ್ತವೆ. ಅಂಥದೊಂದು ಜಾತ್ರೆಯ ನಸುಕಿನಲ್ಲಿ ನಮ್ಮ ಭಾವನ ಹಳೆಯ ಟಾಟಾ 207 ಪಿಕಪ್ ಸೆಲ್ಫ್ ತೆಗೆದುಕೊಳ್ಳಲಿಲ್ಲ. ಕೀ ತಿರುಗಿಸಿದರೆ 'ಟಕ್' ಎಂದು ಒಂದೇ ಸದ್ದು. ಮೇಲೆ ಹೋರಿಗಳನ್ನು ಹತ್ತಿಸಿ ಆಗಿತ್ತು. "ಬ್ಯಾಟ್ರಿ ಮತ್ತೆ ಕೈ ಕೊಡ್ತು ಕಣಪ್ಪ" ಅಂದರು. ವರ್ಷದೊಳಗೆ ಅವರು ಕೊಂಡಿದ್ದ ಎರಡನೆಯ ಬ್ಯಾಟರಿ ಅದು.

ನಮ್ಮ ಸೀಮೆಯವರಿಗೆ ಕೆರೆ, ನಾಲೆಯ ಲೆಕ್ಕ ಹೊಸದಲ್ಲ. ಬ್ಯಾಟರಿ ಎಂದರೆ ಕೆರೆ. ಅದನ್ನು ತುಂಬಿಸುವ ನಾಲೆ ಆಲ್ಟರ್ನೇಟರ್. ಹಿರಿಯರು ಈಗಲೂ ಅದನ್ನು ಡೈನಮೋ ಎನ್ನುತ್ತಾರೆ. ಇಂಜಿನ್ ಚಾಲೂ ಆಗುವಾಗ ಬ್ಯಾಟರಿಯಿಂದ ಹೋದದ್ದನ್ನು ಓಡುವ ದಾರಿಯಲ್ಲಿ ಅದು ತುಂಬಿಕೊಡಬೇಕು. ಕೆರೆ ಬತ್ತಿದರೆ ನಾವು ಹೊಸ ಕೆರೆ ತೋಡುವುದಿಲ್ಲ, ತೂಬಿನಲ್ಲಿ ನೀರು ಬರುತ್ತಿದೆಯೇ ಎಂದು ನೋಡುತ್ತೇವೆ. ಗಾಡಿಯ ವಿಷಯದಲ್ಲಿ ಮಾತ್ರ ನೇರವಾಗಿ ಬ್ಯಾಟರಿ ಅಂಗಡಿಗೆ ಹೋಗುತ್ತೇವೆ.

ಹಳೆಯ ಡೀಸೆಲ್ ಗಾಡಿಯಲ್ಲಿ ಈ ದೋಷ ಬೇಗ ಗೊತ್ತಾಗುವುದೂ ಇಲ್ಲ. ಡೀಸೆಲ್ ಉರಿಯಲು ವಿದ್ಯುತ್ ಕಿಡಿ ಬೇಡ, ಒತ್ತಡದ ಬಿಸಿಯೇ ಸಾಕು. ಚಾರ್ಜ್ ಆಗದಿದ್ದರೂ ಗಾಡಿ ಹಗಲೆಲ್ಲ ಓಡುತ್ತದೆ. ಕತ್ತಲಾಗಿ ಹೆಡ್‌ಲೈಟ್ ಹಾಕಿದಾಗ ಬೆಳಕು ಮಂಕಾಗುತ್ತದೆ, ಮರುದಿನ ಬೆಳಿಗ್ಗೆ ಸೆಲ್ಫ್ ನಿಲ್ಲುತ್ತದೆ.

ಇದನ್ನು ಕಂಡುಹಿಡಿಯಲು ಬೇಕಾದದ್ದು ಒಂದು ಸಾಧಾರಣ ಮಲ್ಟಿಮೀಟರ್. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಿದರೆ ಅದು ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಬರಿದಾಗಿದೆ. ಇಂಜಿನ್ ಚಾಲೂ ಮಾಡಿ ಸ್ವಲ್ಪ ಆಕ್ಸಿಲರೇಟರ್ ಕೊಟ್ಟಾಗ ಸುಮಾರು 13.8ರಿಂದ 14.4ಕ್ಕೆ ಏರಬೇಕು. ಏರದಿದ್ದರೆ ಚಾರ್ಜ್ ಬರುತ್ತಿಲ್ಲ. 15 ದಾಟಿದರೆ ವೋಲ್ಟೇಜನ್ನು ಹಿಡಿತದಲ್ಲಿಡುವ ರೆಗ್ಯುಲೇಟರ್ ಕೆಟ್ಟಿದೆ. ಬ್ಯಾಟರಿಯ ನೀರು ಕುದ್ದು ಆರಿಹೋಗುತ್ತದೆ.

ಭಾವನ ಗಾಡಿಯನ್ನು ನಾಲ್ಕು ಜನ ತಳ್ಳಿ ಚಾಲೂ ಮಾಡಿದೆವು. ಬ್ಯಾಟರಿಯ ಮೇಲೆ ಮೀಟರ್ ಇಟ್ಟರೆ 12.9. ಆಲ್ಟರ್ನೇಟರ್ ಸತ್ತಿದೆ ಎಂದು ಯಾರಾದರೂ ಅಲ್ಲಿಗೇ ತೀರ್ಪು ಕೊಡುತ್ತಿದ್ದರು. ಆದರೆ ಆಲ್ಟರ್ನೇಟರಿನ ದಪ್ಪ ವೈರಿನ ಬೋಲ್ಟಿಗೂ ಅದರ ಮೈಗೂ ಮೀಟರ್ ಹಿಡಿದಾಗ 14.2 ಬಂತು. ನಾಲೆಯ ತಲೆಯಲ್ಲಿ ನೀರು ತುಂಬಿ ಹರಿಯುತ್ತಿದೆ, ಕೆರೆ ಮುಟ್ಟುತ್ತಿಲ್ಲ. ಮೀಟರಿನ ಒಂದು ಕಡ್ಡಿ ಆ ಬೋಲ್ಟಿನ ಮೇಲೆ, ಇನ್ನೊಂದು ಬ್ಯಾಟರಿಯ ಪ್ಲಸ್ ಮೇಲೆ ಇಟ್ಟೆ. 1.2 ವೋಲ್ಟ್ ದಾರಿಯಲ್ಲೇ ಸೋರುತ್ತಿತ್ತು. ಅರ್ತ್ ಕಡೆ 0.1 ಮಾತ್ರ. ವೈರಿನ ಉದ್ದಕ್ಕೂ ಕೈಯಾಡಿಸುತ್ತ ಹೋದರೆ ತುದಿಯಲ್ಲಿ ವೈರನ್ನು ಬೋಲ್ಟಿಗೆ ಕಚ್ಚಿಸುವ ಲಗ್ಗು ಮುಟ್ಟಲಾರದಷ್ಟು ಬಿಸಿ. ಇಂಜಿನ್ ನಿಲ್ಲಿಸಿ, ಮೊದಲು ಬ್ಯಾಟರಿಯ ಮೈನಸ್ ಬಿಚ್ಚಿ, ಆಮೇಲೆ ಆ ಲಗ್ಗು ಬಿಚ್ಚಿದೆ. ಒಳಗೆ ತಾಮ್ರ ಹಸಿರುಗಟ್ಟಿ ಹಿಟ್ಟಾಗಿತ್ತು. ಸೆಲ್ಫಿನ ವಿದ್ಯುತ್ತು ಈ ವೈರಿನಲ್ಲಿ ಹರಿಯುವುದಿಲ್ಲ. ಹಾಗಾಗಿ ಹೊಸ ಬ್ಯಾಟರಿ ಹಾಕಿದಾಗಲೆಲ್ಲ ಕೆಲವು ದಿನ ಎಲ್ಲ ಸರಿಯಾಗಿದೆ ಅನ್ನಿಸುತ್ತಿತ್ತು. ಕೊಳೆತ ತುದಿ ಕತ್ತರಿಸಿ ಹೊಸ ಲಗ್ಗು ಒತ್ತಿಸಿದೆವು. ಬ್ಯಾಟರಿಯ ಮೇಲೆ 14.1 ಬಂತು.

ಎಲ್ಲ ಗಾಡಿಯ ಕಾಯಿಲೆಯೂ ಇದೇ ಅಲ್ಲ. ಕೀ ಹಾಕಿದಾಗ ಡ್ಯಾಶ್‌ಬೋರ್ಡಿನ ಕೆಂಪು ಬ್ಯಾಟರಿ ದೀಪ ಹೊತ್ತಿ, ಇಂಜಿನ್ ಚಾಲೂ ಆದ ಮೇಲೆ ಆರಬೇಕು. ಕೀ ಹಾಕಿದಾಗಲೂ ಹೊತ್ತದಿದ್ದರೆ ಬಲ್ಬ್ ನೋಡಿ. ಆ ದೀಪದ ಮೂಲಕವೇ ಹಳೆಯ ಆಲ್ಟರ್ನೇಟರಿಗೆ ಮೊದಲ ವಿದ್ಯುತ್ತು ಹೋಗುತ್ತದೆ. ಒಂದು ಚಿಕ್ಕ ಬಲ್ಬ್ ಸುಟ್ಟರೆ ಚಾರ್ಜೇ ಶುರುವಾಗದಿರಬಹುದು. ಒಳಗಿನ ಕಾರ್ಬನ್ ಬ್ರಷ್ ಸವೆದಿರಬಹುದು, ಡಯೋಡ್ ಹೋಗಿರಬಹುದು. ಅದು ಆಟೋ ಎಲೆಕ್ಟ್ರಿಷಿಯನ್ ಬಿಚ್ಚಿ ನೋಡುವ ಕೆಲಸ.

ಆಲ್ಟರ್ನೇಟರನ್ನು ತಿರುಗಿಸುವ ಬೆಲ್ಟಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ಓಡುವ ಹಲವು ಡೀಸೆಲ್ ಪಿಕಪ್‌ಗಳಲ್ಲಿ ಬ್ರೇಕಿಗೆ ಬಲ ಕೊಡುವ ವ್ಯಾಕ್ಯೂಮ್ ಪಂಪು ಆಲ್ಟರ್ನೇಟರಿನ ಬೆನ್ನಿಗೇ ಕೂತಿರುತ್ತದೆ. ಬೆಲ್ಟ್ ಹರಿದರೆ ಚಾರ್ಜ್ ನಿಲ್ಲುವುದಷ್ಟೇ ಅಲ್ಲ, ಬ್ರೇಕ್ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆ. ಮೇಲೆ ಎರಡು ಜೊತೆ ಎತ್ತು ನಿಂತಿರುವಾಗ ಅದು ಪ್ರಾಣದ ಪ್ರಶ್ನೆ. ಬೆಲ್ಟ್ ಕೀರಲುಗುಟ್ಟಿದರೆ, ಬಿರುಕು ಬಿಟ್ಟಿದ್ದರೆ ನಾಳೆ ನೋಡೋಣ ಎನ್ನಬೇಡಿ. ಆ ಪಂಪಿನ ಸೀಲ್ ಸೋರಿದರೆ ಎಣ್ಣೆ ಆಲ್ಟರ್ನೇಟರಿನೊಳಗೆ ಇಳಿದು ಬ್ರಷ್ಷನ್ನೂ ಹಾಳುಮಾಡುತ್ತದೆ.

ಇನ್ನೊಂದು ಅಭ್ಯಾಸ ನಮ್ಮ ರಸ್ತೆಬದಿಯಲ್ಲಿ ಇನ್ನೂ ಉಳಿದಿದೆ. ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ಟರ್ಮಿನಲ್ ಕಿತ್ತು, 'ಗಾಡಿ ನಿಲ್ಲಲಿಲ್ಲ, ಡೈನಮೋ ಚೆನ್ನಾಗಿದೆ' ಎನ್ನುವುದು. ಡೀಸೆಲ್ ಗಾಡಿ ಆಲ್ಟರ್ನೇಟರ್ ಸತ್ತಿದ್ದರೂ ನಿಲ್ಲದಿರಬಹುದು. ಅದು ಪರೀಕ್ಷೆಯೇ ಅಲ್ಲ. ಟರ್ಮಿನಲ್ ಕಿತ್ತ ಗಳಿಗೆಯಲ್ಲಿ ವೋಲ್ಟೇಜ್ ಒಮ್ಮೆಲೇ ಜಿಗಿದು ಒಳ್ಳೆಯ ಡಯೋಡು, ರೆಗ್ಯುಲೇಟರುಗಳನ್ನು ಸುಡುತ್ತದೆ. ದಯವಿಟ್ಟು ಯಾರಿಗೂ ಹಾಗೆ ಮಾಡಲು ಬಿಡಬೇಡಿ.

ಜಾತ್ರೆಗೆ ದನ ಹತ್ತಿಸುವ ಹಿಂದಿನ ಸಂಜೆ ಮನೆಯ ಅಂಗಳದಲ್ಲೇ ಹೆಡ್‌ಲೈಟ್ ಹಾಕಿ, ಇಂಜಿನ್ ಓಡಿಸಿ ಮೀಟರ್ ಹಿಡಿದು ನೋಡಿ. ಭಾವನ 207ರಲ್ಲಿ ಇಂದಿಗೂ ಇರುವುದು ಆ ಎರಡನೆಯ ಬ್ಯಾಟರಿಯೇ.