ಬೀಡಿ-ಸಿಗರೇಟು ಬಿಡಿಸುವ ಔಷಧಿಗಳು: ಯಾವುದು ಯಾರಿಗೆ?

(ಹಗರೆಯಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ದನದ ಡಾಕ್ಟರಿಗೆ ಬೀಡಿ-ಸಿಗರೇಟಿನ ಉಸಾಬರಿ ಏಕೆ ಎಂದು ತಾವು ಕೇಳಬಹುದು. ನಾನೂ ಹದಿನೆಂಟು ವರ್ಷ ಸಿಗರೇಟು ಸೇದಿದವನು. ಒಂದು ರಾತ್ರಿ ಈಯಲಾಗದೆ ಒದ್ದಾಡುತ್ತಿದ್ದ ಹಸುವಿನ ಕರು ಎಳೆಯುವಾಗ ನನಗೇ ಉಸಿರು ಸಾಲದೆ, ಹಗ್ಗವನ್ನು ಮನೆಯ ಯಜಮಾನರ ಕೈಗೆ ಕೊಟ್ಟು ಗೋಡೆಗೆ ಒರಗಿ ಕುಳಿತೆ. ಕರು ಉಳಿಯಿತು, ನನ್ನ ಮಾನ ಉಳಿಯಲಿಲ್ಲ. ಅಂದೇ ಬಿಡಲು ನಿಶ್ಚಯಿಸಿದೆ. ಬಿಟ್ಟದ್ದು ಮಾತ್ರ ಮೂರನೆಯ ಪ್ರಯತ್ನದಲ್ಲಿ.

ಚಟಕ್ಕೆ ಕಟ್ಟಿಹಾಕುವುದು ನಿಕೋಟಿನ್. ಶ್ವಾಸಕೋಶ, ಹೃದಯ ಕೆಡಿಸುವುದು ಮುಖ್ಯವಾಗಿ ಹೊಗೆಯಲ್ಲಿರುವ ಟಾರು ಮತ್ತು ವಿಷಾನಿಲ. ಆದ್ದರಿಂದ ಹೊಗೆಯಿಲ್ಲದೆ ಸ್ವಲ್ಪ ನಿಕೋಟಿನ್ ಕೊಟ್ಟು, ಕ್ರಮೇಣ ಅದನ್ನೂ ಬಿಡಿಸುವುದು ಮೊದಲ ದಾರಿ.

ನಿಕೋಟಿನ್ ಗಮ್: 2 ಮತ್ತು 4 ಮಿ.ಗ್ರಾಂ.ಗಳಲ್ಲಿ ಸಿಗುತ್ತದೆ. ಎದ್ದ ಅರ್ಧ ಗಂಟೆಯೊಳಗೆ ಬೀಡಿ ಹಚ್ಚುವವರಿಗೆ ಸಾಮಾನ್ಯವಾಗಿ 4 ಬೇಕು. ಎಲೆ-ಅಡಿಕೆಯಂತೆ ಜಗಿದು ಉಗಿಯಬಾರದು. ನಿಧಾನ ಜಗಿದು, ಚುರುಗುಟ್ಟಿದಾಗ ದವಡೆಯಲ್ಲಿಟ್ಟುಕೊಳ್ಳಬೇಕು. ಕಾಫಿ ಕುಡಿದು 15 ನಿಮಿಷ ಬಿಟ್ಟೇ ಹಾಕಿಕೊಳ್ಳಬೇಕು. ನಾನು ಎರಡು ಸಲ ಸೋತದ್ದು ಈ ತಪ್ಪುಗಳಿಂದಲೇ.

ಪಟ್ಟಿ: ಚರ್ಮಕ್ಕೆ ಅಂಟಿಸುವುದು. 21, 14, 7 ಮಿ.ಗ್ರಾಂ. ಎಂದು ಇಳಿಸುತ್ತಾ ಹೋಗಬೇಕು. ಕಡಿತವಾದರೆ ದಿನಕ್ಕೊಂದು ಜಾಗ ಬದಲಿಸಿ. ಪಟ್ಟಿಯ ಜೊತೆಗೆ ಗಮ್ಮನ್ನೂ ಬಳಸಬಹುದು.

ಬುಪ್ರೊಪಿಯಾನ್ ಮಾತ್ರೆ: ಇದರಲ್ಲಿ ನಿಕೋಟಿನ್ ಇಲ್ಲ. ಬಿಡುವ ದಿನಕ್ಕೆ ಒಂದೆರಡು ವಾರ ಮೊದಲೇ ಆರಂಭಿಸಬೇಕು. ಮೂರ್ಛೆರೋಗ ಇರುವವರಿಗೆ ಕೂಡದು.

ವರೆನಿಕ್ಲಿನ್ ಮಾತ್ರೆ: ಮಿದುಳಿನಲ್ಲಿ ನಿಕೋಟಿನ್ ಕೂರುವ ಜಾಗದಲ್ಲಿ ತಾನೇ ಕೂರುತ್ತದೆ. ಸೇದಿದರೂ ರುಚಿ ಹತ್ತದು. ಒಂದು ವಾರ ಮೊದಲು ಆರಂಭಿಸಿ 12 ವಾರ ಸೇವಿಸಬೇಕು. ವಾಕರಿಕೆ, ವಿಚಿತ್ರ ಕನಸು ಬರಬಹುದು. ಮೂತ್ರಪಿಂಡದ ತೊಂದರೆ ಇದ್ದರೆ ಪ್ರಮಾಣ ಇಳಿಸಬೇಕಾಗುತ್ತದೆ.

ಹೋಲಿಸಿದರೆ ಹೇಗೆ? 2023ರ ಕಾಕ್ರೇನ್ ಪರಿಶೀಲನೆಯಂತೆ, ಔಷಧಿಯಿಲ್ಲದೆ ಪ್ರಯತ್ನಿಸಿದ 100 ಜನರಲ್ಲಿ ಆರು ತಿಂಗಳಾದರೂ ಬಿಟ್ಟಿರುವವರು ಸುಮಾರು 6. ಗಮ್ ಅಥವಾ ಪಟ್ಟಿ ಒಂದೇ ಆದರೆ 9. ಬುಪ್ರೊಪಿಯಾನ್ ಕೂಡ ಅಷ್ಟೇ. ಪಟ್ಟಿ-ಗಮ್ ಎರಡೂ ಸೇರಿದರೆ 12. ವರೆನಿಕ್ಲಿನ್ ಆದರೆ 14. ಅಂದರೆ ಯಾವುದೂ ಮಂತ್ರದಂಡವಲ್ಲ. ಆದರೆ ಸರಿಯಾದ ಔಷಧಿಯಿಂದ ಗೆಲ್ಲುವವರ ಸಂಖ್ಯೆ ಎರಡು ಪಟ್ಟಾಗುತ್ತದೆ.

ಕೆಚ್ಚಲು ಬಾವಿಗೆ ಬರೆದುಕೊಟ್ಟ ಔಷಧಿಯನ್ನು ಎರಡು ದಿನಕ್ಕೇ ನಿಲ್ಲಿಸಿದರೆ ಬಾವು ಮರಳುತ್ತದೆಂದು ತಮಗೆ ನಾನು ಹೇಳಬೇಕಿಲ್ಲ. ಇಲ್ಲಿಯೂ ಅದೇ ನಿಯಮ. ಪೂರ್ತಿ ಅವಧಿ ಮುಗಿಸಿ. ಒಮ್ಮೆ ಸೋತರೆ ಮತ್ತೊಮ್ಮೆ ತೊಡಗಿ.

ನಾನು ದನದ ವೈದ್ಯ. ತಮಗೆ ಯಾವುದು ಎಂಬುದನ್ನು ಮನುಷ್ಯರ ವೈದ್ಯರೇ ಹೇಳಬೇಕು. ಹೃದ್ರೋಗಿಗಳು, ಗರ್ಭಿಣಿಯರು ಕೇಳದೆ ಏನನ್ನೂ ತೆಗೆದುಕೊಳ್ಳಬಾರದು. ಸಲಹೆಗೆ ರಾಷ್ಟ್ರೀಯ ತಂಬಾಕು ತ್ಯಜಿಸುವ ಸಹಾಯವಾಣಿ 1800-11-2356 ಇದೆ, ಕರೆಗೆ ಶುಲ್ಕವಿಲ್ಲ.

ಹುಲ್ಲಿನ ಬಣವೆಗೆ ಬೀಡಿಯ ಒಂದು ಕಿಡಿ ಸಾಕೆಂದು ನಮಗೆಲ್ಲ ಗೊತ್ತು. ಎದೆಯೊಳಗಿನ ಬಣವೆಯನ್ನೂ ಹಾಗೆಯೇ ಕಾಯೋಣ.